ಬೇಲೂರು ಬರುವವರೆಗೆ

ಚಿಕ್ಕಮಗಳೂರಿನಿಂದ ಬೇಲೂರಿಗೆ 25 ಕಿಲೋಮೀಟರ್. ಅಲ್ಲಿಂದ ಹಾಸನಕ್ಕೆ ಇನ್ನೊಂದು 40ರ ಹತ್ತಿರ. ಈ ದಾರಿಯಲ್ಲಿ ನಾನು ಹನ್ನೊಂದು ವರ್ಷದಿಂದ ಸರ್ಕಾರಿ ಬಸ್ಸಿನ ಕಂಡಕ್ಟರ್. ಯಾವ ಸ್ಟೇಜಿನಲ್ಲಿ ಯಾವ ಅಜ್ಜಿ ಹತ್ತುತ್ತಾರೆ, ಯಾವ ತಿರುವು ಬರುವ ಮೊದಲು ಕಂಬಿ ಹಿಡಿಯಬೇಕು ಅನ್ನುವುದು ನನ್ನ ಕಾಲಿಗೇ ಗೊತ್ತು. 2022ರ ಮಳೆಗಾಲದಿಂದ ಈಚೆಗೆ ಮಾತ್ರ ಅದೇ ದಾರಿಯನ್ನು, ಮೂತ್ರಕ್ಕೆ ಎಲ್ಲೆಲ್ಲಿ ಹೋಗಬಹುದು ಎಂದು, ಬೇರೆ ಥರ ಲೆಕ್ಕ ಹಾಕತೊಡಗಿದೆ. ಹೊರಡುವ ಮುಂಚೆ ಸ್ಟ್ಯಾಂಡಿನಲ್ಲಿ ಒಂದು ಸಲ. ಬೇಲೂರಿನಲ್ಲಿ ಒಂದು ಸಲ. ನಡುವೆ ಪರಿಚಯದ ಹೋಟೆಲಿನವರೊಬ್ಬರ ಹಿತ್ತಲು. ಹಗರೆ ದಾಟಿದ ಮೇಲೆ ಒಂದು ಪೆಟ್ರೋಲ್ ಬಂಕು. ಅಷ್ಟೂ ಸಾಲದೆ ಬಂದಾಗ ಡ್ರೈವರಣ್ಣನ ಹತ್ತಿರ ಹೋಗಿ, ಯಾರಿಗೂ ಕೇಳದ ಹಾಗೆ, 'ಅಣ್ಣ, ಎಲ್ಲಾದ್ರೂ ಒಂದೈದು ನಿಮಿಷ' ಅನ್ನಬೇಕು. ಎಪ್ಪತ್ತು ಜನ ಕಿಟಕಿಯಲ್ಲಿ ನೋಡುತ್ತಿರುವಾಗ ಇಳಿದು ಹೋಗಬೇಕು.

ನೋವು ಎಲ್ಲಿ ಎಂದರೆ ಕಿಬ್ಬೊಟ್ಟೆಯಲ್ಲಿ, ಮುಂದಿನ ಮೂಳೆಯ ಹಿಂದೆ. ಹೇಗೆ ಎಂದರೆ ಹೇಳುವುದು ಕಷ್ಟ. ಬೂದಿ ಮುಚ್ಚಿದ ಕೆಂಡದ ಮೇಲೆ ಯಾರೋ ಊದುತ್ತಾ ಇದ್ದ ಹಾಗೆ. ಮೂತ್ರಕೋಶ ತುಂಬುತ್ತ ಬಂದಂತೆ ಏರುತ್ತದೆ, ಹೋಗಿ ಬಂದರೆ ಇಳಿಯುತ್ತದೆ, ಕಾಲು ಗಂಟೆಗೆ ಮತ್ತೆ ಏರಲು ಶುರು. ಹೋದರೂ ಬರುವುದು ಅರ್ಧ ಲೋಟಕ್ಕಿಂತ ಕಮ್ಮಿ. ರಾತ್ರಿ ಆರು ಸಲ ಏಳುತ್ತಿದ್ದೆ. ನಮ್ಮ ಮನೆಯಲ್ಲಿ ಬಚ್ಚಲಿನ ದೀಪ ಆರಿಸುವ ರೂಢಿಯೇ ತಪ್ಪಿಹೋಯಿತು.

ಮೊದಲ ಸಲ ಅದು ನಿಜವಾದ ಸೋಂಕೇ ಆಗಿತ್ತು. ಆಂಟಿಬಯೋಟಿಕ್ ತೆಗೆದುಕೊಂಡೆ, ಜ್ವರ ಹೋಯಿತು, ಉರಿ ಹೋಗಲಿಲ್ಲ. ಮತ್ತೆ ಪರೀಕ್ಷೆ, ಮತ್ತೆ ಮಾತ್ರೆ. ಒಂದೂವರೆ ವರ್ಷದಲ್ಲಿ ಐದು ಕೋರ್ಸ್ ಮುಗಿಸಿದೆ. ಯೂರಿನ್ ಕಲ್ಚರ್ ಮಾಡಿಸಿದಾಗೆಲ್ಲ ಯಾವ ಬ್ಯಾಕ್ಟೀರಿಯಾವೂ ಬೆಳೆದಿಲ್ಲ ಎಂದೇ ಬರುತ್ತಿತ್ತು. ಒಂದು ಕಡೆ ಡಾಕ್ಟರು ಕಾಗದ ಮಡಚಿ ನನ್ನ ಕೈಗಿಟ್ಟು, 'ರಿಪೋರ್ಟಲ್ಲಿ ಏನೂ ಇಲ್ಲಮ್ಮ, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ' ಎಂದರು. ನೋವಿದೆ ಅಂತ ನಾನು ಹೇಳುತ್ತಿದ್ದೆ, ಇಲ್ಲ ಅಂತ ಕಾಗದ ಹೇಳುತ್ತಿತ್ತು. ಎಲ್ಲರೂ ಕಾಗದವನ್ನು ನಂಬಿದರು. ಸ್ವಲ್ಪ ದಿನ ಹೋದ ಮೇಲೆ ನಾನೂ ಅದನ್ನೇ ನಂಬಿದೆ. ಆ ದಿನಗಳನ್ನು ನೆನೆಸಿಕೊಂಡರೆ ನೋವಿಗಿಂತ ಅದೇ ಹೆಚ್ಚು ಸಂಕಟ ಕೊಡುತ್ತದೆ.

ಮನೆಯಲ್ಲಿ ಅತ್ತೆಗೆ ಇದು 'ಉಷ್ಣ'. ಬಸ್ಸಿನ ಇಂಜಿನ್ನಿನ ಕಾವು, ಹೊತ್ತಿಗೆ ಸರಿಯಾಗಿ ಊಟವಿಲ್ಲ, ಇನ್ನೇನಾಗುತ್ತೆ ಎಂದು ಅವರ ವಾದ. ಬಾರ್ಲಿ ಗಂಜಿ ಕೊಟ್ಟರು, ಕೊತ್ತಂಬರಿ ಬೀಜ ರಾತ್ರಿ ನೆನೆಹಾಕಿ ಬೆಳಗ್ಗೆ ಸೋಸಿ ಕೊಟ್ಟರು, ಬಾಳೆದಿಂಡಿನ ರಸ ಹಿಂಡಿ ಕೊಟ್ಟರು. ಪ್ರೀತಿಯಿಂದ ಮಾಡಿಕೊಟ್ಟದ್ದನ್ನೆಲ್ಲ ಕುಡಿದೆ. ಬೇಸಿಗೆಯಲ್ಲಿ ದಿನಾ ಕೊಡುತ್ತಿದ್ದ ನಿಂಬೆಹಣ್ಣಿನ ಶರಬತ್ತು ಮಾತ್ರ ಕುಡಿದ ದಿನವೆಲ್ಲ ಸಾಯಿಸುತ್ತಿತ್ತು. ಯಾಕೆಂದು ಆಗ ಗೊತ್ತಿರಲಿಲ್ಲ. ಡ್ಯೂಟಿಯ ದಿನ ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ಕುಡಿಯದಿದ್ದರೆ ಹೋಗುವ ತಾಪತ್ರಯ ಇರುವುದಿಲ್ಲ ಅಂತ ನನ್ನ ಲೆಕ್ಕ. ಆದರೆ ನೀರು ಕಮ್ಮಿಯಾದಷ್ಟೂ ಮೂತ್ರ ಗಟ್ಟಿ, ಗಟ್ಟಿಯಾದಷ್ಟೂ ಉರಿ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆಲ್ಲ ಶೂನ್ಯ ಟಿಕೆಟ್ ಬಂತು. ನನ್ನ ಅವ್ವ ಆಲ್ದೂರಿನಿಂದ ಮೊದಲ ಸಲ ಯಾರ ಹತ್ತಿರವೂ ಕಾಸು ಕೇಳದೆ ನಮ್ಮ ಮನೆಗೆ ಬಂದಳು. ಅವಳ ಮುಖ ನೋಡಿ ನನಗೂ ಸಂತೋಷವಾಯಿತು. ಆದರೆ ಬಸ್ಸು ತುಂಬಿ ತುಳುಕುತ್ತಿತ್ತು. ಮುಂದಿನಿಂದ ಹಿಂದಕ್ಕೆ ಟಿಕೆಟ್ ಹರಿಯುತ್ತ ಹೋಗುವಾಗ ಯಾರದೋ ಬ್ಯಾಗಿನ ಮೂಲೆ ಕಿಬ್ಬೊಟ್ಟೆಗೆ ತಗುಲಿದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಡಿಪೋದಲ್ಲಿ ಹೇಳಿಕೊಂಡ ಮೇಲೆ ಕೆಲವು ತಿಂಗಳು ಲೈಟ್ ಡ್ಯೂಟಿ ಕೊಟ್ಟು ಆಫೀಸಿನಲ್ಲಿ ಕೂರಿಸಿದರು. ಆ ಉಪಕಾರ ನಾನು ಮರೆಯುವುದಿಲ್ಲ.

ಬಾಗಿಲು ತೆರೆದದ್ದು ಹಾಸನದಲ್ಲಿ, 2024ರ ಫೆಬ್ರವರಿಯಲ್ಲಿ. ಮಗಳು ಅಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಅವಳ ಹಾಸ್ಟೆಲಿಗೆ ಹೋದ ದಿನ ನನ್ನ ಮುಖ ನೋಡಿ ತಡೆಯಲಾರದೆ ಒಬ್ಬರು ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ರಿಪೋರ್ಟಿನ ಕಟ್ಟನ್ನು ಬದಿಗಿಟ್ಟು ಒಂದೇ ಪ್ರಶ್ನೆ ಕೇಳಿದರು: 'ತುಂಬಿದಾಗ ನೋವಾ, ಹೋಗುವಾಗ ನೋವಾ?' ಎರಡು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ತುಂಬಿದಾಗ, ಹೋದ ಮೇಲೆ ಕಮ್ಮಿಯಾಗುತ್ತೆ ಎಂದೆ. ತಕ್ಷಣ ಯೂರಾಲಜಿಸ್ಟಿಗೆ, ಅಂದರೆ ಮೂತ್ರಕೋಶದ ಡಾಕ್ಟರಿಗೆ, ಚೀಟಿ ಬರೆದರು. 'ನಿಮ್ಮ ನೋವು ನಿಜವಾದದ್ದು. ಅದಕ್ಕೆ ಹೆಸರೂ ಇದೆ. ಆದ್ರೆ ಆ ಹೆಸರಿಡೋ ಮುಂಚೆ ಬೇರೆ ಎಲ್ಲದನ್ನೂ ತಳ್ಳಿಹಾಕಬೇಕು' ಎಂದರು. ಅವರ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವರು ಸುಮ್ಮನೆ ಕಾದರು.

ತಳ್ಳಿಹಾಕುವುದಕ್ಕೇ ಎರಡು ತಿಂಗಳು ಹಿಡಿಯಿತು. ಸಕ್ಕರೆ ಕಾಯಿಲೆ ಇಲ್ಲ, ಸ್ಕ್ಯಾನಿಂಗಿನಲ್ಲಿ ಕಲ್ಲು ಇಲ್ಲ. ಮೂರು ದಿನ ಬೆಳಗಿನ ಮೊದಲ ಮೂತ್ರ ಹಿಡಿದು ಕೊಡಬೇಕಾಯಿತು. ಮೂತ್ರಕೋಶಕ್ಕೂ ಕ್ಷಯ ಬರುತ್ತದೆ, ನಮ್ಮ ದೇಶದಲ್ಲಿ ಅದನ್ನು ನೋಡದೆ ಮುಂದೆ ಹೋಗಬಾರದು ಎಂದರು. ಅದೂ ಇಲ್ಲ. ಆಮೇಲೆ ಒಂದು ಡೈರಿ ಬರೆಯಲು ಹೇಳಿದರು. ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಮಗ್ಗಿನಲ್ಲಿ ಪ್ರತಿ ಸಲವೂ ಹಿಡಿದು, ಎಷ್ಟು ಹೊತ್ತಿಗೆ, ಎಷ್ಟು ಮಿಲಿ, ಹತ್ತರಲ್ಲಿ ನೋವು ಎಷ್ಟು ಅಂತ ಮೂರು ದಿನ ಬರೆಯುವುದು. ಟಿಕೆಟ್ ಲೆಕ್ಕದ ವೇಬಿಲ್ ಬರೆದ ಕೈಗೆ ಇದೇನು ಕಷ್ಟವಾಗಲಿಲ್ಲ. ಹಗಲು 15 ಸಲ, ರಾತ್ರಿ 6. ಹೆಚ್ಚೆಂದರೆ 110 ಮಿಲಿ, ಕಮ್ಮಿ ಎಂದರೆ 40. ಸಾಮಾನ್ಯವಾಗಿ ದಿನಕ್ಕೆ ಏಳೆಂಟು ಸಲ, ಒಂದೊಂದು ಸಲಕ್ಕೆ 300 ಮಿಲಿಯ ಸುಮಾರಿಗೆ ಇರುತ್ತದಂತೆ. ನನ್ನ ಕಷ್ಟವನ್ನು ಅಂಕಿಯಲ್ಲಿ ನೋಡಿದ್ದು ಅದೇ ಮೊದಲು. ಆ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ.

ಕೊನೆಗೆ ಸಿಸ್ಟೋಸ್ಕೋಪಿ. ಅರಿವಳಿಕೆ ಕೊಟ್ಟು, ಸಣ್ಣ ದುರ್ಬೀನಿನಿಂದ ಒಳಗೆ ನೋಡುವುದು. ನೀರು ತುಂಬಿಸಿ ಮೂತ್ರಕೋಶವನ್ನು ಹಿಗ್ಗಿಸಿ ನೋಡಿದರಂತೆ. ಎಚ್ಚರವಿದ್ದಾಗ 100 ಮಿಲಿಗೆ ಜೀವ ಹೋಗುವ ಚೀಲ, ಅರಿವಳಿಕೆಯಲ್ಲಿ 600 ಮಿಲಿ ಹಿಡಿಯಿತು. ಅಂದರೆ ಚೀಲ ಕುಗ್ಗಿಲ್ಲ. ನೀರು ಬಿಟ್ಟ ಮೇಲೆ ಒಳಗೋಡೆಯಲ್ಲಿ ಅಲ್ಲಲ್ಲಿ ಸೂಜಿಮೊನೆಯಷ್ಟು ರಕ್ತದ ಚುಕ್ಕೆ ಕಂಡವು. ಗಡ್ಡೆ ಇಲ್ಲ. 1915ರಲ್ಲಿ ಹನ್ನರ್ ಎಂಬ ಅಮೆರಿಕದ ವೈದ್ಯರು ಬರೆದಿಟ್ಟ ಒಂದು ಜಾತಿಯ ಹುಣ್ಣು ಕೆಲವರಲ್ಲಿ ಇರುತ್ತದೆ, ಅದಿದ್ದರೆ ಸುಟ್ಟು ತೆಗೆಯುತ್ತಾರೆ, ನೋವು ಬೇಗ ಇಳಿಯುತ್ತದೆ. ನನ್ನಲ್ಲಿ ಅದಿರಲಿಲ್ಲ. ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್ ಎಂದು ಬರೆದರು, ಪಕ್ಕದಲ್ಲೇ ಬ್ಲಾಡರ್ ಪೇನ್ ಸಿಂಡ್ರೋಮ್, ಅಂದರೆ ಮೂತ್ರಕೋಶದ ನೋವಿನ ಕಾಯಿಲೆ, ಅಂತಲೂ ಬರೆದರು. ಎರಡು ಹೆಸರಿನದೂ ಒಂದೇ ಕಷ್ಟ.

ಡಾಕ್ಟರು ಬಿಡಿಸಿ ಹೇಳಿದ್ದು ಹೀಗೆ. ಮೂತ್ರಕೋಶದ ಒಳಗೋಡೆಗೆ ಲೋಳೆಯಂಥ ಒಂದು ತೆಳು ಲೇಪ ಇರುತ್ತದೆ. ಮೂತ್ರದಲ್ಲಿರುವ ಖಾರ, ಲವಣ ಗೋಡೆಗೆ ತಾಗದಂತೆ ತಡೆಯುವುದು ಅದೇ. ಆ ಲೇಪ ಅಲ್ಲಲ್ಲಿ ಎದ್ದುಹೋದರೆ ಪೊಟ್ಯಾಸಿಯಂನಂಥವು ಒಳಗಿಳಿದು ನರಗಳನ್ನು ಕೆರಳಿಸುತ್ತವೆ. 'ಹೀಗಿರಬಹುದು ಅಂತ ಲೆಕ್ಕ, ಎಲ್ಲರಲ್ಲೂ ಇದೇ ಕಾರಣ ಅಂತ ಯಾರಿಗೂ ಖಾತ್ರಿಯಿಲ್ಲ' ಎಂದೂ ಸೇರಿಸಿದರು. ನನಗೆ ತವರುಮನೆಯ ಪಡುವಣ ಗೋಡೆ ನೆನಪಾಯಿತು. ಆಷಾಢದ ಇರಿಚಲು ಹೊಡೆದು ಹೊಡೆದು ಗಾರೆ ಉದುರಿತ್ತು. ಆಮೇಲೆ ಪ್ರತಿ ಮಳೆಗಾಲವೂ ಒಳಗಿನ ಕೋಣೆಯಲ್ಲಿ ಗೋಡೆ ಬೆವರುತ್ತಿತ್ತು. ಅಪ್ಪ ಮೊದಲು ಮಾಡಿದ್ದು ಗೋಡೆಗೆ ಮಳೆ ತಾಗದ ಹಾಗೆ ತಡಿಕೆ ಕಟ್ಟಿದ್ದು, ಆಮೇಲೆ ಗಾರೆ ಮೆತ್ತಿದ್ದು. ನನ್ನ ಚಿಕಿತ್ಸೆಯೂ ಅದೇ ಕ್ರಮದಲ್ಲಿ ನಡೆಯಿತು.

ತಡಿಕೆ ಎಂದರೆ ಊಟದ ಪಥ್ಯ. ಕಾಫಿ, ಟೀ, ನಿಂಬೆ, ಕಿತ್ತಳೆ, ಟೊಮೆಟೊ, ಹಸಿಮೆಣಸಿನ ಖಾರ, ಸೋಡಾ ಎಲ್ಲ ಕೆಲವು ವಾರ ಪೂರ್ತಿ ಬಂದ್. ನೋವು ಇಳಿದರೆ ಒಂದೊಂದನ್ನೇ ಮತ್ತೆ ತಿಂದು, ಯಾವುದು ಆಗುವುದಿಲ್ಲ ಎಂದು ನಾವೇ ಕಂಡುಕೊಳ್ಳಬೇಕು. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗಬಹುದು. ನನಗೆ ಹುಣಸೆಹಣ್ಣು ಸ್ವಲ್ಪವಾದರೆ ಏನೂ ಮಾಡುವುದಿಲ್ಲ, ಮಜ್ಜಿಗೆ ಮಾಡುವುದಿಲ್ಲ, ಅಕ್ಕಿರೊಟ್ಟಿಗೆ ಕಾಯಿಚಟ್ನಿ ಬದಲು ಬೆಣ್ಣೆ ಹಚ್ಚಿಕೊಂಡರೆ ಆಯಿತು. ಟೊಮೆಟೊ ಮಾಡುತ್ತದೆ. ನಿಂಬೆ ಮಾಡುತ್ತದೆ. ಕಾಫಿ ಎಲ್ಲಕ್ಕಿಂತ ಜೋರಾಗಿ ಮಾಡುತ್ತದೆ.

ಚಿಕ್ಕಮಗಳೂರು ಸೀಮೆಯವಳಿಗೆ ಕಾಫಿ ಬಿಡು ಎನ್ನುವುದು ಏನೆಂದು ಹೊರಗಿನವರಿಗೆ ಹೇಗೆ ಹೇಳಲಿ. ನಮ್ಮ ತವರಿನದು ಮೂರು ಎಕರೆ ತೋಟ. ಸಿಲ್ವರ್ ಮರದ ನೆರಳು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಬಾಬಾಬುಡನ್ ತಂದ ಬೀಜ ಈ ಬೆಟ್ಟದಲ್ಲೇ ಮೊದಲು ಊರಿದ್ದು ಎಂದು ಅಪ್ಪ ಪ್ರತಿ ಸಲವೂ ಹೊಸದಾಗಿ ಹೇಳುವವರು. ಚೈತ್ರದ ಹೂಮಳೆ ಬಿದ್ದು ಹತ್ತು ದಿನಕ್ಕೆ ತೋಟ ಬಿಳಿ ಬಟ್ಟೆ ಹೊದ್ದು ಘಮಘಮ ಎನ್ನುವಾಗ ಊರಿಗೆ ಹೋಗದೆ ಇದ್ದ ವರ್ಷವೇ ಇರಲಿಲ್ಲ. ಮನೆಗೆ ಯಾರೇ ಬರಲಿ, ನಮ್ಮಲ್ಲಿ ಮೊದಲ ಮಾತು 'ಕಾಫಿ ಕುಡೀತೀರಾ' ಅಂತ. ಅವ್ವ ಮಾಡುವ ಬೆಲ್ಲದ ಕಾಫಿ ಕುಡಿದು ಬೆಳೆದ ಮೈ ನನ್ನದು. ಡಾಕ್ಟರು ಹೇಳಿದ ಮೇಲೆ ಮೊದಲ ಸಲ ಊರಿಗೆ ಹೋದಾಗ ಬೇಡ ಎಂದೆ. ಅವ್ವ ಲೋಟ ಹಿಡಿದುಕೊಂಡು ಹಾಗೇ ನಿಂತಳು. ಆಮೇಲೆ ಒಳಗೆ ಹೋಗಿ ಜೀರಿಗೆ ಕುದಿಸಿ ಹಾಲು ಹಾಕಿ ತಂದಳು. ಅಂದಿನಿಂದ ನಾನು ಹೋದ ದಿನ ಅವಳೂ ಕಾಫಿ ಕುಡಿಯುವುದಿಲ್ಲ. ಎಷ್ಟು ಹೇಳಿದರೂ ಕೇಳುವುದಿಲ್ಲ.

ಮಾತ್ರೆಯ ಕಥೆ ಬೇಗ ಹೇಳಿ ಮುಗಿಸುತ್ತೇನೆ. ರಾತ್ರಿ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ, ಆಮೇಲೆ 25. ಅದು ಮನಸ್ಸಿನ ಕಾಯಿಲೆಯ ಮಾತ್ರೆ ಅಂತ ಮೆಡಿಕಲ್ ಸ್ಟೋರಿನವನು ಹೇಳಿದಾಗ ಹಳೆಯ ಗಾಯ ಕೆದಕಿದಂತಾಯಿತು. ಕಮ್ಮಿ ಡೋಸಿನಲ್ಲಿ ಅದನ್ನು ನರದ ನೋವಿಗೆ ಕೊಡುತ್ತಾರೆ ಎಂದು ಡಾಕ್ಟರು ತಿಳಿಹೇಳಿದರು. ನಿದ್ದೆ ಬಂತು, ಬಾಯಿ ಒಣಗಿತು, ಬೆಳಗಿನ ಮೊದಲ ಟ್ರಿಪ್ಪಿಗೆ ಏಳುವುದು ಕಷ್ಟವಾಯಿತು. ಲೇಪವನ್ನು ಬಲಪಡಿಸಬಹುದು ಎಂದು ಪೆಂಟೋಸಾನ್ ಎಂಬ ಕ್ಯಾಪ್ಸೂಲ್ ದಿನಕ್ಕೆ ಮೂರು ಕೊಟ್ಟರು. ಶುರು ಮಾಡುವ ಮೊದಲೇ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ ಅಕ್ಷಿಪಟಲ ಪರೀಕ್ಷೆ ಮಾಡಿಸಿದರು. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಕೆಲವರಿಗೆ ಕಣ್ಣಿಗೆ ತೊಂದರೆಯಾದದ್ದು 2018ರಿಂದ ಈಚೆಗೆ ಬೆಳಕಿಗೆ ಬಂದಿದೆಯಂತೆ. ನನಗೆ ಕಣ್ಣಿಗೇನೂ ಆಗಲಿಲ್ಲ, ಕೂದಲು ಉದುರಿತು, ಹೊಟ್ಟೆ ಕೆಟ್ಟಿತು. ನಾಲ್ಕು ತಿಂಗಳಿಗೆ ನಿಲ್ಲಿಸಿದೆವು.

ಆಗ ಬಂದದ್ದು ಹೈಯಲುರಾನಿಕ್ ಆಸಿಡ್‌ನ ಮಾತು. ಆಸಿಡ್ ಎಂದ ಕೂಡಲೇ ನಮ್ಮ ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. 'ಮೊದ್ಲೇ ಉರೀತಿದೆ, ಅದರೊಳಗೆ ಆಸಿಡ್ ಹಾಕ್ತಾರಂತಾ!' ಡಾಕ್ಟರು ಅವರನ್ನು ಕೂರಿಸಿ ಸಮಾಧಾನವಾಗಿ ಹೇಳಿದರು. ಇದು ಸುಡುವ ಆಸಿಡ್ ಅಲ್ಲ, ನಮ್ಮ ಮೈಯಲ್ಲೇ ಚರ್ಮದಲ್ಲಿ, ಕೀಲಿನಲ್ಲಿ, ಕಣ್ಣಿನಲ್ಲಿ ಇರುವ ಲೋಳೆ. ಆ ಒಳಲೇಪದ ಜಾತಿಗೇ ಸೇರಿದ ವಸ್ತು. ಸಣ್ಣ ಪೈಪಿನಲ್ಲಿ ಮೂತ್ರಕೋಶಕ್ಕೆ ಬಿಟ್ಟರೆ ಎದ್ದುಹೋದ ಕಡೆ ತಾತ್ಕಾಲಿಕವಾಗಿ ಮೆತ್ತಿಕೊಳ್ಳುತ್ತದೆ ಎಂಬ ನಂಬಿಕೆ. ಮಗಳು ಅವತ್ತು ರಾತ್ರಿಯೇ ಓದಿಕೊಂಡು ಫೋನ್ ಮಾಡಿದಳು. 1934ರಲ್ಲಿ ಕಾರ್ಲ್ ಮೇಯರ್, ಜಾನ್ ಪಾಮರ್ ಎಂಬ ಇಬ್ಬರು ಹಸುವಿನ ಕಣ್ಣಿನೊಳಗಿನ ಲೋಳೆಯಲ್ಲಿ ಇದನ್ನು ಕಂಡುಹಿಡಿದರಂತೆ. ಗಾಜಿನಂತೆ ತಿಳಿಯಾಗಿದ್ದದ್ದಕ್ಕೆ ಗ್ರೀಕ್ ಭಾಷೆಯಲ್ಲಿ ಗಾಜಿಗಿರುವ ಹೆಸರಿನಿಂದಲೇ ಇದರ ಹೆಸರು ಬಂತಂತೆ. 'ಅಜ್ಜಿ ಮಂಡಿಗೆ ಹೋದ ವರ್ಷ ಇಂಜೆಕ್ಷನ್ ಹಾಕಿಸಿದ್ವಲ್ಲಮ್ಮ, ಅದೂ ಇದೇ' ಎಂದಳು. ಅತ್ತೆಯ ಮಂಡಿಗೆ ಹೋದದ್ದು ಎಂದ ಮೇಲೆ ಮನೆಯಲ್ಲಿ ಯಾರಿಗೂ ಹೆದರಿಕೆ ಉಳಿಯಲಿಲ್ಲ.

ಆದರೆ ಡಾಕ್ಟರು ಆಸೆ ಹುಟ್ಟಿಸಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ವಿಶ್ವಾಸ. ಇದು ಕಾಯಿಲೆ ಬೇರುಸಹಿತ ತೆಗೆಯುವ ಮದ್ದಲ್ಲ. ಕೆನಡಾದಲ್ಲಿ 1996ರಲ್ಲಿ ಮೊದಲ ಪ್ರಯೋಗದ ವರದಿ ಬಂದಾಗ ಬಹಳ ಜನಕ್ಕೆ ಗುಣ ಕಂಡಿತ್ತು. ಆಮೇಲೆ ಬರೀ ನೀರಿನಂಥ ದ್ರವದ ಜೊತೆ ಹೋಲಿಸಿ ನೋಡಿದ ಪ್ರಯೋಗಗಳಲ್ಲಿ ಅಷ್ಟು ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ಯುರೋಪಿನಲ್ಲಿ ಬಳಸುತ್ತಾರೆ, ಅಮೆರಿಕದಲ್ಲಿ ಮೂತ್ರಕೋಶಕ್ಕೆಂದು ಇದಕ್ಕೆ ಒಪ್ಪಿಗೆ ಇಲ್ಲ. 'ಕೆಲವರಿಗೆ ಚೆನ್ನಾಗಿ ಹಿಡಿಸುತ್ತೆ, ಕೆಲವರಿಗೆ ಏನೂ ಆಗಲ್ಲ. ವಾರಕ್ಕೊಂದರಂತೆ ಆರು ಹಾಕೋಣ. ಆಮೇಲೂ ಡೈರಿ ಬದಲಾಗದಿದ್ರೆ ನಾನೇ ನಿಲ್ಸಿ ಅಂತೀನಿ' ಎಂದರು. ಒಂದು ಸೀಸೆಯ ಬೆಲೆ ನಮ್ಮ ಮನೆಯ ತಿಂಗಳ ದಿನಸಿಯಷ್ಟು. ಅದೂ ಬೆಂಗಳೂರಿನಿಂದ ತರಿಸಬೇಕು. ಇವರು ಒಂದು ಮಾತೂ ಆಡದೆ ಹೋಗಿ ಆರ್ಡರ್ ಕೊಟ್ಟು ಬಂದರು.

ಮೊದಲ ಡೋಸ್ 2024ರ ಸೆಪ್ಟೆಂಬರ್‌ನಲ್ಲಿ. ಹಿಂದಿನ ದಿನ ಮೂತ್ರ ಪರೀಕ್ಷೆ, ಸೋಂಕು ಇದ್ದರೆ ಹಾಕುವ ಹಾಗಿಲ್ಲ. ಅಂದು ಬೆಳಗ್ಗೆಯಿಂದ ನೀರು ಸ್ವಲ್ಪವೇ ಕುಡಿಯಲು ಹೇಳಿದ್ದರು. ಮದ್ದು ಒಳಗಿರುವಾಗ ಮೂತ್ರ ಬೇಗ ಬೇಗ ತುಂಬಿದರೆ ಮದ್ದು ತೆಳುವಾಗುತ್ತದೆ. ಕೋಣೆಯಲ್ಲಿ ಒಬ್ಬರೇ ಸಿಸ್ಟರ್, ನನಗಿಂತ ಚಿಕ್ಕವರು, ಅರಸೀಕೆರೆ ಕಡೆಯವರು. 'ಅಕ್ಕಾ, ಪೂರ್ತಿ ಖಾಲಿ ಮಾಡ್ಕೊಂಡು ಬನ್ನಿ' ಎಂದರು. ಬಂದು ಮಲಗಿದೆ. ತಣ್ಣಗಿನ ದ್ರಾವಣದಲ್ಲಿ ತೊಳೆದು, ಮರಗಟ್ಟಿಸುವ ಜೆಲ್ಲಿ ಹಾಕಿ ಐದು ನಿಮಿಷ ಕಾದರು. ಈ ಐದು ನಿಮಿಷ ಕಾಯುವುದು ಮುಖ್ಯ. ಮುಂದೊಂದು ಸಲ ಬೇರೆ ಸಿಸ್ಟರ್ ಅವಸರದಲ್ಲಿ ಕಾಯದೆ ಹಾಕಿದಾಗ ಎಷ್ಟು ನೋವಾಯಿತೆಂದರೆ, ಆಮೇಲಿಂದ ನಾನೇ ಬಾಯಿಬಿಟ್ಟು 'ಐದು ನಿಮಿಷ ಆಗ್ಲಿ ಸಿಸ್ಟರ್' ಅನ್ನುತ್ತೇನೆ. ನೀವೂ ಕೇಳಿ, ಸಂಕೋಚ ಬೇಡ. ಕ್ಯಾತಿಟರ್ ಎನ್ನುವುದು ಸ್ಟ್ರಾ ಥರದ ತೆಳು ಪೈಪು. ಒಳಗೆ ಹೋಗುವಾಗ ಒಂದು ಚುರುಕು, ಆಮೇಲೆ ಒತ್ತಿದಂತೆ. ಉಳಿದಿದ್ದ ನಾಲ್ಕು ಹನಿಯನ್ನೂ ತೆಗೆದರು. ಸೀಸೆಯಲ್ಲಿ 50 ಮಿಲಿ ದ್ರವ, ಅದರಲ್ಲಿ ಮದ್ದು 40 ಮಿಲಿಗ್ರಾಂ. ಬೆಳಕಿಗೆ ಹಿಡಿದು ತೋರಿಸಿದರು. ನೀರಿಗಿಂತ ಸ್ವಲ್ಪ ಮಂದ, ಬಣ್ಣವೇ ಇಲ್ಲ. ನಿಧಾನವಾಗಿ ಬಿಟ್ಟು ಪೈಪು ತೆಗೆದರು. ಎಲ್ಲ ಸೇರಿ ಹತ್ತು ಹನ್ನೆರಡು ನಿಮಿಷ.

ಕಷ್ಟ ಅಲ್ಲಿಂದ ಶುರು. ಕನಿಷ್ಠ ಅರ್ಧ ಗಂಟೆ ಒಳಗೆ ಹಿಡಿದಿಡಬೇಕು, ಒಂದೆರಡು ಗಂಟೆಯಾದರೆ ಒಳ್ಳೆಯದು. ಚೂರು ತುಂಬಿದರೂ ಓಡುವವಳಿಗೆ ಅರ್ಧ ಗಂಟೆ! ಗೋಡೆಯ ಗಡಿಯಾರ ನೋಡುತ್ತ ಮಲಗಿದೆ. ಕಿಟಕಿಯಾಚೆ ಹಾಸನದ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳುತ್ತಿತ್ತು. ಮನಸ್ಸಿನಲ್ಲೇ ಸ್ಟೇಜ್ ಎಣಿಸಿದೆ, ಹಾಸನ ಬಿಟ್ಟೆವು, ಊರು ದಾಟಿತು. ಹಗರೆಯ ಹತ್ತಿರ ಬರುವಷ್ಟರಲ್ಲಿ ತಡೆಯಲಾಗಲಿಲ್ಲ. 22 ನಿಮಿಷ. ಅಷ್ಟು ದುಡ್ಡಿನ ಮದ್ದು ಕಮೋಡಿನ ಪಾಲಾಯಿತು ಎಂದು ಶೌಚಾಲಯದಲ್ಲೇ ಕೂತು ಅತ್ತೆ. ಸಿಸ್ಟರ್ ಹೊರಗಿನಿಂದ, 'ಅಕ್ಕಾ, ಮೊದಲ ಸಲ ಎಲ್ಲಾರಿಗೂ ಹಂಗೇ. ಒಳಗೆ ತಾಗಿದ್ದು ತಾಗಿರುತ್ತೆ' ಎಂದರು. ಆ ಹುಡುಗಿಯ ದನಿಯ ಋಣ ನನ್ನ ಮೇಲಿದೆ.

ಎರಡನೆಯ ಡೋಸಿಗೆ 35 ನಿಮಿಷ ಹಿಡಿದೆ. ಆದರೆ ಮೂರು ದಿನಕ್ಕೆ ಚಳಿಜ್ವರ ಬಂತು. ಈ ಸಲ ಕಲ್ಚರ್‌ನಲ್ಲಿ ಇ-ಕೋಲೈ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. ಪೈಪು ಹಾಕಿದಾಗೆಲ್ಲ ಸೋಂಕಿನ ಅಪಾಯ ಸ್ವಲ್ಪ ಇದ್ದೇ ಇದೆ ಎಂದು ಮೊದಲೇ ಹೇಳಿದ್ದರು. ಮಾತ್ರೆ ಮುಗಿಯುವವರೆಗೆ ಎರಡು ವಾರ ಚಿಕಿತ್ಸೆ ನಿಂತಿತು. ಆಗ ಎಲ್ಲವನ್ನೂ ಬಿಟ್ಟುಬಿಡೋಣ ಎನ್ನಿಸಿತ್ತು. ಸೋಂಕಿನ ನೋವಿಗೂ ನನ್ನ ಹಳೆಯ ನೋವಿಗೂ ಇರುವ ವ್ಯತ್ಯಾಸ ಅರಿವಾದದ್ದೂ ಆಗಲೇ. ಸೋಂಕಿದ್ದರೆ ಹೋಗುವಾಗ ಉರಿ, ವಾಸನೆ, ಜ್ವರ. ಹಳೆಯದು ಬರೀ ತುಂಬುವಾಗ. ಈಗ ಸುಮ್ಮಸುಮ್ಮನೆ ಆಂಟಿಬಯೋಟಿಕ್ ನುಂಗುವುದಿಲ್ಲ, ಮೊದಲು ಕಲ್ಚರ್.

ಮೂರನೆಯದಾದ ಮೇಲೂ ಡೈರಿಯಲ್ಲಿ ಏನೂ ಬದಲಾಗಲಿಲ್ಲ. ನಾಲ್ಕನೆಯದಾದ ವಾರ, ಒಂದು ರಾತ್ರಿ ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕು ಕಂಡು ಗಾಬರಿಯಾಯಿತು. ಡ್ಯೂಟಿಗೆ ತಡವಾಯಿತೇನೋ ಎಂದುಕೊಂಡೆ. ವಾರದ ರಜೆಯ ದಿನ ಅದು. ರಾತ್ರಿ ಎರಡೇ ಸಲ ಎದ್ದಿದ್ದೆ. ಇವರನ್ನು ಎಬ್ಬಿಸಿ ಹೇಳಿದೆ. ಅವರು ನಿದ್ದೆಗಣ್ಣಿನಲ್ಲೇ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಈ ಕಾಯಿಲೆ ಗಂಡ ಹೆಂಡತಿಯ ನಡುವೆ ಏನು ಮಾಡುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಎರಡು ವರ್ಷ ಅವರು ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದರು. ಹತ್ತಿರ ಬಂದರೆ ನನಗೆ ಎರಡು ದಿನ ನೋವು ಎಂದು ಗೊತ್ತಾದ ಮೇಲೆ ಅವರೇ ದೂರ ಉಳಿದರು. ಆ ಲೇಡಿ ಡಾಕ್ಟರು ಇದನ್ನೂ ಕೇಳಿದ್ದರು, ಇದೂ ಕಾಯಿಲೆಯ ಲಕ್ಷಣವೇ, ನಾಚಿಕೆಪಡಬೇಡಿ ಎಂದಿದ್ದರು.

ಅವರೇ ಫಿಸಿಯೋಥೆರಪಿಗೂ ಕಳಿಸಿದ್ದರು. ಅಷ್ಟರಲ್ಲಿ ನಾನು ಮೊಬೈಲಿನಲ್ಲಿ ನೋಡಿ, ಕೆಳಗಿನ ಸ್ನಾಯು ಬಿಗಿ ಹಿಡಿಯುವ ವ್ಯಾಯಾಮ ದಿನಕ್ಕೆ ನೂರು ಸಲ ಮಾಡುತ್ತಿದ್ದೆ. ಅದು ನನ್ನಂಥವರಿಗೆ ತದ್ವಿರುದ್ಧವಂತೆ. ವರ್ಷಗಟ್ಟಲೆ ತಡೆಹಿಡಿದು ಹಿಡಿದು ಆ ಸ್ನಾಯುಗಳು ಮೊದಲೇ ಗಂಟುಕಟ್ಟಿರುತ್ತವೆ. ಕಲಿಯಬೇಕಾದದ್ದು ಸಡಿಲ ಬಿಡುವುದನ್ನು. ಹೊಟ್ಟೆಯವರೆಗೆ ಉಸಿರೆಳೆದು, ಬಿಡುವಾಗ ಕೆಳಗಿನದೆಲ್ಲ ಇಳಿಬಿಡುವುದು. ನಾಲ್ಕನೆಯ ಡೋಸಿನಿಂದ ಮದ್ದು ಹಿಡಿದಿಡುವಾಗ ಬಿಗಿಹಿಡಿಯುವ ಬದಲು ಹಾಗೆ ಉಸಿರಾಡಿದೆ. 50 ನಿಮಿಷ ಹೋಯಿತು.

ಆರು ಮುಗಿದಾಗ ಮತ್ತೆ ಮೂರು ದಿನದ ಡೈರಿ. ಹಗಲು 10, ರಾತ್ರಿ 2. ಹೆಚ್ಚೆಂದರೆ 210 ಮಿಲಿ. ಮದ್ದಿನಿಂದ ಎಷ್ಟು, ಪಥ್ಯದಿಂದ ಎಷ್ಟು, ಉಸಿರಾಟದಿಂದ ಎಷ್ಟು ಎಂದು ಬಿಡಿಸಿ ಹೇಳಲು ನನ್ನಿಂದಾಗದು. ಡಾಕ್ಟರೂ ಹೇಳಲಿಲ್ಲ. ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ, 'ಮುಂದುವರಿಸೋಣ, ಇನ್ನು ತಿಂಗಳಿಗೊಂದು' ಎಂದರು. ಡಿಸೆಂಬರ್‌ನಲ್ಲಿ ಮತ್ತೆ ಬಸ್ಸು ಹತ್ತಿದೆ. ನೋವು ಪೂರ್ತಿ ಹೋಗಿಲ್ಲ. ಮುಟ್ಟಿನ ಹಿಂದಿನ ನಾಲ್ಕು ದಿನ ಕೆರಳುತ್ತದೆ. ಮದುವೆಮನೆಯಲ್ಲಿ ಟೊಮೆಟೊ ಸಾರು ಗೊತ್ತಿಲ್ಲದೆ ಉಂಡರೆ ಕೆರಳುತ್ತದೆ. ಮಾರ್ಚ್‌ನಲ್ಲಿ ದುಡ್ಡು ಹೊಂದದೆ ಒಂದು ತಿಂಗಳು ಡೋಸ್ ತಪ್ಪಿಸಿದ್ದಕ್ಕೆ ಏಪ್ರಿಲ್‌ನಲ್ಲಿ ರಾತ್ರಿ ನಾಲ್ಕು ಸಲ ಏಳುವಂತಾಗಿತ್ತು. ಆ ಹೂಮಳೆಯಲ್ಲಿ ಊರಿಗೆ ಹೋಗಲಾಗಲಿಲ್ಲ. ಅವ್ವ ಫೋನಿನಲ್ಲಿ ತೋಟ ತೋರಿಸಿದಳು.

ಈಗ ಡೋಸ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಕಾಯುವುದಿಲ್ಲ. ಮನೆಗೆ ಹೊರಡಬಹುದು, ತಡೆಯಲಾರದಷ್ಟು ನೋವಾಗುವ ಮುಂಚೆ ಹೋಗಿಬಿಡಿ ಎಂದಿದ್ದಾರೆ. ವಾರದ ರಜೆಯ ದಿನ ನೋಡಿಕೊಂಡು ಹೋಗುತ್ತೇನೆ. ಹೋದ ತಿಂಗಳು ಹಾಕಿಸಿಕೊಂಡು, ಆಟೋ ಹಿಡಿದು ಹಾಸನ ಸ್ಟ್ಯಾಂಡಿಗೆ ಬಂದು, ನನ್ನದೇ ರೂಟಿನ ಬಸ್ಸು ಹತ್ತಿದೆ. ಡ್ಯೂಟಿಯಲ್ಲಿದ್ದ ಹುಡುಗಿ ಪರಿಚಯದವಳು. 'ಅಕ್ಕಾ, ಬಾಗಿಲ ಹತ್ರ ಬನ್ನಿ, ಇಳಿಯಕ್ಕೆ ಸುಲಭ' ಎಂದು ಜಾಗ ಬಿಡಿಸಲು ಹೊರಟಳು. ಬೇಡ ಎಂದು ಒಳಗೆ ಹೋಗಿ ಕಿಟಕಿ ಪಕ್ಕ ಕೂತೆ. ಎಷ್ಟೋ ವರ್ಷದ ಮೇಲೆ ಆ ದಾರಿಯ ಹೊಲಗಳನ್ನು ನೋಡಿದೆ. ಜೋಳಕ್ಕೆ ತೆನೆ ಬಂದಿತ್ತು, ಆಲೂಗೆಡ್ಡೆ ಕಿತ್ತ ಹೊಲದಲ್ಲಿ ಕುರಿ ಮಂದೆ ನಿಂತಿತ್ತು. ಹಗರೆ ದಾಟಿತು. ಕಿಬ್ಬೊಟ್ಟೆಯಲ್ಲಿ ಭಾರ ಇತ್ತು, ಕೆಂಡ ಇರಲಿಲ್ಲ. ಉಸಿರು ಬಿಡುತ್ತ ಕೂತೆ.

ಬಸ್ಸು ಬೇಲೂರು ಸ್ಟ್ಯಾಂಡಿಗೆ ತಿರುಗಿದಾಗ ಗಡಿಯಾರ ನೋಡಿಕೊಂಡೆ. ಮದ್ದು ಒಳಗೆ ಹೋಗಿ ಒಂದು ಗಂಟೆ ಇಪ್ಪತ್ತು ನಿಮಿಷವಾಗಿತ್ತು. ನನ್ನ ಮುಂದೆ ಒಬ್ಬ ಅಜ್ಜಿ ಸೊಪ್ಪಿನ ಬುಟ್ಟಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ಬುಟ್ಟಿ ನನ್ನ ಕೈಗೆ ತೆಗೆದುಕೊಂಡು, 'ನಿಧಾನ ಇಳೀರಿ ಅಜ್ಜಿ' ಎಂದು ಅವರು ನೆಲಕ್ಕೆ ಕಾಲೂರುವವರೆಗೆ ಮೇಲಿನ ಮೆಟ್ಟಿಲಲ್ಲೇ ನಿಂತೆ.